ಹುದ್ದೆಯಿಲ್ಲದ ಹೊಣೆ

ಕಳೆದ ವಾರ ಹಳೆಯ ಸಹೋದ್ಯೋಗಿಯೊಬ್ಬರು ಕರೆ ಮಾಡಿದ್ದರು. "ಸಾರ್, ಈ ಮುಖ್ಯ ಶಿಕ್ಷಕರ ಪ್ರಭಾರವೊಂದನ್ನು ಬಿಡಿಸಿಕೊಟ್ಟರೆ ಇನ್ನೊಂದು ತರಗತಿಯನ್ನು ಬೇಕಾದರೂ ತಗೊಳ್ತೀನಿ" ಎಂದರು. ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅದೇ ಪ್ರಭಾರವನ್ನು ವರ್ಷಗಟ್ಟಲೆ ಹೊತ್ತಿದ್ದ ನನಗೆ ಅದರಲ್ಲಿ ಅತಿಶಯೋಕ್ತಿಯೇನೂ ಕಾಣಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಮಕ್ಕಳ ಸಂಖ್ಯೆ 150 ಮೀರಿದರೆ ಮಾತ್ರ ಐವರು ಶಿಕ್ಷಕರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು. ಹಾಗಾಗಿ ಇಪ್ಪತ್ತು ಮೂವತ್ತು ಮಕ್ಕಳಿರುವ ಹಳ್ಳಿಯ ಶಾಲೆಗೆ ಆ ಹುದ್ದೆಯೇ ಇಲ್ಲ. ಆದರೆ ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಜಾಲತಾಣದ ನಮೂದು, ಶಾಲೆಯ ಅಂಕಿಅಂಶ ಕೇಳುವ ಯು-ಡೈಸ್ ಮಾಹಿತಿ, ಬಿಸಿಯೂಟದ ಅಕ್ಕಿ-ಬೇಳೆಯ ದಾಸ್ತಾನು ವಹಿ, ಮೊಟ್ಟೆಯ ಬಿಲ್ಲು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿ, ಮಧ್ಯಾಹ್ನದೊಳಗೆ ಕಳುಹಿಸಲೇಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ನಮೂನೆ, ಇವೆಲ್ಲ ಮುನ್ನೂರು ಮಕ್ಕಳ ಶಾಲೆಗೆ ಎಷ್ಟೋ ಇದಕ್ಕೂ ಅಷ್ಟೇ. ಅಲ್ಲಿ ಕೆಲಸ ಹಂಚಿಕೊಳ್ಳಲು ಜನರಿರುತ್ತಾರೆ. ಇಲ್ಲಿ ಇಬ್ಬರಲ್ಲಿ ಒಬ್ಬರು ತರಗತಿ ಬಿಟ್ಟು ಏಳಬೇಕು.

ಏಳುವುದೆಂದರೇನು ಎಂಬುದನ್ನು, ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಕೊಠಡಿಯಲ್ಲಿ ಕುಳಿತು ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರೂಪಿಸತೊಡಗಿದ ಈ ಪದ್ಧತಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಬೇಕಾದ ನೆರವಿಗೆ ತಕ್ಕ ಐದು ಗುಂಪುಗಳಲ್ಲಿ, ಕೂರುತ್ತಾರೆ. ಮೊದಲನೆಯದು ಸಂಪೂರ್ಣವಾಗಿ ಶಿಕ್ಷಕರನ್ನೇ ನಂಬಿದ ತಟ್ಟೆ. ಹೊಸ ಅಕ್ಷರ ಹುಟ್ಟುವುದು ಅಲ್ಲಿಯೇ. ರ, ಗ, ಸ, ದ, ಅ ಕಲಿತ ಹುಡುಗಿಯೊಬ್ಬಳು ಒಂದು ದಿನ ಕಾರ್ಡಿನಲ್ಲಿದ್ದ 'ಗರಗಸ'ವನ್ನು 'ಗರಸ' ಎಂದು ಓದಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಫೋನು ಬಂತು, ಯಾವುದೋ ಅಂಕಿಅಂಶ ತುರ್ತಾಗಿ ಬೇಕಿತ್ತು. ನೆಟ್‌ವರ್ಕ್ ಹುಡುಕಿಕೊಂಡು ಧ್ವಜಸ್ತಂಭದ ಕಟ್ಟೆಯವರೆಗೆ ಹೋಗಿ, ಒಟಿಪಿಗೆ ಕಾದು, ಮರಳುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಅವಳು ಕಾರ್ಡನ್ನು ತಟ್ಟೆಯಲ್ಲಿಟ್ಟು ಸ್ವಕಲಿಕೆಯ ಗುಂಪಿನಲ್ಲಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ನಾನು ನೀಡಿದ ಮಾಹಿತಿ ಮಾತ್ರ ಸಕಾಲದಲ್ಲಿ ತಲುಪಿತ್ತು.

ಗುಣಮಟ್ಟ ಕುಸಿದಾಗಲೆಲ್ಲ ಮುಖ್ಯಸ್ಥರಲ್ಲಿ ನಾಯಕತ್ವದ ಕೊರತೆಯಿದೆ ಎಂಬ ಮಾತು ಬರುತ್ತದೆ, ಬೆನ್ನಿಗೇ ತರಬೇತಿಯೂ ಬರುತ್ತದೆ. (ತರಬೇತಿ ನಡೆಯುವಷ್ಟು ದಿನ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಎಂಬುದು ಯಾವ ವರದಿಯಲ್ಲೂ ಬರುವುದಿಲ್ಲ.) ಶಾಲೆಗಳನ್ನು ವಿಲೀನಗೊಳಿಸಿದರಾಯಿತು ಎನ್ನುವವರು ಮಲೆನಾಡಿನ ಮಳೆಗಾಲದಲ್ಲೊಮ್ಮೆ ಒಂದನೇ ತರಗತಿಯ ಮಗುವಿನೊಂದಿಗೆ ಹಳ್ಳ ದಾಟಿ ನೋಡಲಿ. ನನ್ನ ಅನುಭವದಲ್ಲಿ ಸಣ್ಣ ಶಾಲೆಯ ಆಡಳಿತವೆಂದರೆ ತಾಯಂದಿರ ಹೆಸರು ತಿಳಿದಿರುವುದು, ಮೂರು ದಿನ ಬಾರದ ಮಗುವಿನ ಮನೆಗೆ ಸಂಜೆ ಹೋಗಿ ಬರುವುದು, ಸಹಶಿಕ್ಷಕಿಯೊಡನೆ ಕುಳಿತು ಯಾವ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿ ನಿಂತುಬಿಟ್ಟಿದೆ ಎಂದು ನೋಡುವುದು. ಇದಕ್ಕೆ ಬೇಕಿರುವುದು ಬಿಡುವು.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿಗೆ ಒಬ್ಬ ಗುಮಾಸ್ತರನ್ನು ಕೊಡಿ. ಅವರು ಸರದಿಯಂತೆ ಸಣ್ಣ ಶಾಲೆಗಳಿಗೆ ಹೋಗಿ ನಮೂದು, ಬಿಲ್ಲು, ವಹಿಗಳನ್ನು ಮುಗಿಸಲಿ, ಲೆಕ್ಕ ನೋಡಿ ಸಹಿ ಹಾಕುವ ಹೊಣೆ ಶಿಕ್ಷಕರದೇ ಇರಲಿ. ಪಾಠದ ಅವಧಿಯಲ್ಲಿ ಮಾಹಿತಿ ಕೇಳಬಾರದು ಎಂದು ಆದೇಶವೊಂದನ್ನು ಹೊರಡಿಸಿ. ಅದನ್ನು ದಯವಿಟ್ಟು ಸಂಜೆ ನಾಲ್ಕೂವರೆಯ ನಂತರ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ.