ಒಂದೇ ಅಂಗಳ, ಎರಡು ಬೋರ್ಡು

ನ್ಯೂ ಹ್ಯಾಂಪ್‌ಶೈರಿನ ನ್ಯಾಶುವಾದಲ್ಲಿ ನಾವು ಮನೆ ಮಾಡಿದ್ದು 2007ರಲ್ಲಿ. ಆ ಡಿಸೆಂಬರಲ್ಲಿ ಎದುರುಮನೆ ಅಜ್ಜಿ ಅಂಗಳದ ಹಿಮದಲ್ಲಿ ಎರಡು ಬೋರ್ಡು ನೆಟ್ಟಿದ್ರು. ಹಿಲರಿ ಕ್ಲಿಂಟನ್ ಬೋರ್ಡು ಅಜ್ಜಿದು, ಒಬಾಮಂದು ಮಗಳದು. ಇಬ್ರೂ ಡೆಮಾಕ್ರಟ್ಸೇ, ಅಧ್ಯಕ್ಷ ಚುನಾವಣೆಗೆ ಆ ಪಾರ್ಟಿ ಟಿಕೆಟ್ ಹಿಲರಿಗೋ ಒಬಾಮಂಗೋ ಅಂತ ಪೈಪೋಟಿ. ನಾನು ಹಾಸನದ ಕಡೆಯವ, ಒಂದೇ ಪಾರ್ಟಿಯವರು ಹಿಂಗೆ ಹೊರಗೆ ಎದುರಾಬದುರಾ ಬೋರ್ಡ್ ಹಾಕಿ ಒಳಗೆ ಒಟ್ಟಿಗೆ ಕೂತು ಊಟ ಮಾಡೋದು ನೋಡಿದ್ದು ಅದೇ ಮೊದಲು, ನಮ್ ಕಡೆ ಆಗಿದ್ರೆ ಇಷ್ಟೊತ್ತಿಗೆ ಮನೆ ಪಾಲಾಗಿರೋದು.

ನಮ್ ಚಿಕ್ಕಪ್ಪ ಊರಲ್ಲಿ ಮೂವತ್ತು ವರ್ಷದಿಂದ ಒಂದೇ ಪಾರ್ಟಿ ಕಾರ್ಯಕರ್ತ. ಎಲೆಕ್ಷನ್ ಬಂದಾಗೆಲ್ಲ ಫೋನಲ್ಲಿ ಕೇಳ್ತೀನಿ, "ಈ ಸಲ ಟಿಕೆಟ್ ಯಾರಿಗೆ ಚಿಕ್ಕಪ್ಪ?" "ಲಿಸ್ಟು ಮೇಲಿಂದ ಬರ್ಬೇಕು ಕಣಪ್ಪ, ನಾವೇನು, ಬಂಟಿಂಗ್ಸ್ ಕಟ್ಟೋರು." ಬಿ ಫಾರಂ ಯಾರ ಕೈಗೆ ಅಂತ ಎಷ್ಟೋ ಸಲ ನಾಮಪತ್ರದ ಕೊನೇ ದಿನದವರೆಗೂ ಗೊತ್ತಾಗಲ್ಲ, ಆಮೇಲೆ ಸಿಗದವನ ಮನೆ ಮುಂದೆ ಬೆಂಬಲಿಗರ ಸಭೆ, ಕಣ್ಣೀರು, ಸ್ವಾಭಿಮಾನ, ಸಂಜೆಯೊಳಗೆ ಪಕ್ಷೇತರ ಇಲ್ಲಾ ಪಕ್ಕದ ಪಾರ್ಟಿ.

ಇಲ್ಲಿ ಟಿಕೆಟ್ ಕೊಡೋರು ಬೀದಿ ಜನ, ಪಾರ್ಟಿ ಅಭ್ಯರ್ಥಿ ಯಾರು ಅಂತ ಜನಾನೇ ವೋಟ್ ಹಾಕಿ ಆರಿಸೋ ಇದಕ್ಕೆ ಪ್ರೈಮರಿ ಅಂತಾರೆ. ಯಾವ ಪಾರ್ಟಿಗೂ ಹೆಸರು ಬರೆಸದೆ ಇರೋರೂ ಪ್ರೈಮರಿ ದಿನ ಬೂತಿಗೆ ಹೋಗಿ ಯಾವುದಾದ್ರೂ ಒಂದು ಪಾರ್ಟಿ ಬ್ಯಾಲಟ್ ಕೇಳಿ ವೋಟ್ ಹಾಕಿ, ಹೊರಗೆ ಬರುವಾಗ ಫಾರಂಗೆ ಸೈನ್ ಹಾಕಿ ಮತ್ತೆ ಪಾರ್ಟಿಯಿಲ್ಲದೋರು ಆಗ್ಬಹುದು! ನಂಗೆ ಆಗ ವೋಟಿರ್ಲಿಲ್ಲ, ನೋಡೋ ಕೆಲಸ ಅಷ್ಟೇ. 2008ರ ಜನವರಿ 8ಕ್ಕೆ ಸಮೀಕ್ಷೆಗಳೆಲ್ಲ ಒಬಾಮ ಅಂದಿದ್ವು, ಗೆದ್ದಿದ್ದು ಹಿಲರಿ. ಅಜ್ಜಿ ಬೀದಿಗೆಲ್ಲ ಕುಕೀಸ್ ಹಂಚಿದ್ರು.

ಆದ್ರೆ ಜಗಳ ಏನೂ ಕಮ್ಮಿ ಇರ್ಲಿಲ್ಲ. ಆ ಮಾರ್ಚಲ್ಲಿ ಡೈಲಿ ಕೋಸ್ ಅನ್ನೋ ಡೆಮಾಕ್ರಟ್ಸ್ ಕಡೆಯ ಬ್ಲಾಗಲ್ಲಿ ಬರೀತಿದ್ದ ಹಿಲರಿ ಕಡೆಯವರು ಒಂದಷ್ಟು ಜನ ಇಲ್ಲಿ ನಮಗೆ ಮರ್ಯಾದೆ ಇಲ್ಲ ಅಂತ ಮುಷ್ಕರ ಹೂಡಿ ಎದ್ದುಹೋದ್ರು. ಜೂನಲ್ಲಿ ಟಿಕೆಟ್ ಒಬಾಮಂಗೇ ಅಂತ ಆದ್ಮೇಲೂ ಪೂಮಾ ಅಂತ ಹಿಲರಿ ಕಡೆಯವರ ಒಂದು ಗುಂಪು ನಾವು ಬಗ್ಗಲ್ಲ ಅಂತ ಕೂತಿತ್ತು. ಜೂನ್ 27ಕ್ಕೆ ಹಿಲರಿ, ಒಬಾಮ ಇಬ್ರೂ ಒಟ್ಟಿಗೆ ನಮ್ಮ ರಾಜ್ಯದ್ದೇ ಯೂನಿಟಿ ಅನ್ನೋ ಊರಿಗೆ ಬಂದ್ರು, ಹೆಸರೇ ಒಗ್ಗಟ್ಟು, ಆ ಪ್ರೈಮರಿಯಲ್ಲಿ ಆ ಊರು ಹಿಲರಿಗೆ 107 ಒಬಾಮಂಗೆ 107 ವೋಟು ಕೊಟ್ಟಿತ್ತು. ನಾಟಕ ಅನ್ನಿ, ನಾನೂ ನಕ್ಕಿದ್ದೆ (ಶುಕ್ರವಾರ, ಆಫೀಸಿತ್ತು, ಹೋಗ್ಲಿಲ್ಲ). ಆದ್ರೆ 107 ಅನ್ನೋ ಲೆಕ್ಕ ನಾಟಕದ್ದಲ್ಲವಲ್ಲ. ಸೋತೆ ಅಂತ ಲೆಕ್ಕ ಸಮೇತ ಗೊತ್ತಾದ್ರೆ ಮನುಷ್ಯ ಹೆಂಗೋ ನುಂಗ್ಕೋತಾನೆ, ಯಾರು ಯಾಕೆ ತಪ್ಪಿಸಿದ್ರು ಅಂತಾನೇ ಗೊತ್ತಾಗದಿದ್ರೆ ಹೊಟ್ಟೆಯುರಿ ಆರಲ್ಲ.

ನಮ್ಮಲ್ಲಿ ಆರದೆ ಉಳಿದಿದ್ದರ ಬೆಲೆ 2013ರಲ್ಲಿ ನೋಡಿದೀವಿ. ಯಡಿಯೂರಪ್ಪ ಹೊರಗೆ ಹೋಗಿ ಕೆಜೆಪಿ ಕಟ್ಟಿದ್ರು, ಅವರಿಗೆ ಬಂದಿದ್ದು 6 ಸೀಟು, 2008ರಲ್ಲಿ 110 ಇದ್ದ ಬಿಜೆಪಿ 40ಕ್ಕೆ ಇಳೀತು, ಮುಂದಿನ ವರ್ಷ ಮತ್ತೆ ಒಳಗೆ. 2023ರಲ್ಲಿ ಶೆಟ್ಟರ್ ಅವರದ್ದೂ ಅದೇ ದಾರಿ, ಟಿಕೆಟ್ ಸಿಗ್ಲಿಲ್ಲ ಅಂತ ಕಾಂಗ್ರೆಸ್ಸಿಗೆ ಹೋಗಿ ಸೋತು, ವರ್ಷದೊಳಗೆ ವಾಪಸ್.

ಹಂಗಂತ ಪ್ರೈಮರಿ ತಂದು ನೆಟ್ಟುಬಿಟ್ರೆ ಆಗಲ್ಲ. 2014ರಲ್ಲಿ ಕಾಂಗ್ರೆಸ್ ನಮ್ಮ ಬೆಂಗಳೂರು ಉತ್ತರ, ದಕ್ಷಿಣ ಕನ್ನಡದಲ್ಲಿ ಅದನ್ನ ಮಾಡಿ ನೋಡ್ತು, ವೋಟು ಹಾಕಿದ್ದು ಪಾರ್ಟಿ ಪದಾಧಿಕಾರಿಗಳು, ಬೀದಿ ಜನಕ್ಕೆ ಸುದ್ದಿ ಸಹ ಸರಿಯಾಗಿ ಮುಟ್ಲಿಲ್ಲ, ಎರಡೂ ಕಡೆ ಸೋತ್ರು. ಅಮೆರಿಕದವರೂ ಸಾಚಾ ಅಲ್ಲ ಬಿಡಿ. 2016ರಲ್ಲಿ ಡೆಮಾಕ್ರಟಿಕ್ ಪಾರ್ಟಿ ಆಫೀಸಿನ ಈಮೇಲ್ ಸೋರಿ, ಒಳಗಿನೋರು ಟಿಕೆಟ್ಟಿಗೆ ಹಿಲರಿ ಎದುರು ನಿಂತಿದ್ದ ಸ್ಯಾಂಡರ್ಸ್ ವಿರುದ್ಧ ಇದ್ರು ಅಂತ ಗೊತ್ತಾದಾಗ ಅಧ್ಯಕ್ಷೆ ರಾಜೀನಾಮೆ ಕೊಡ್ಬೇಕಾಯ್ತು, ಫಿಲಡೆಲ್ಫಿಯಾ ಸಮಾವೇಶದಲ್ಲಿ ಸ್ಯಾಂಡರ್ಸ್ ಕಡೆಯವರು ಕೂಗಾಡಿದ್ರು. ಲೆಕ್ಕದ ಮೇಲೆ ಅನುಮಾನ ಬಂದ ಕೂಡ್ಲೇ ಇಲ್ಲೂ ನಮ್ಮೂರೇ.

2008ರ ಅಕ್ಟೋಬರಲ್ಲಿ ಅಜ್ಜಿ ಸುತ್ತಿಗೆ ಕೇಳ್ಕೊಂಡು ಬಂದ್ರು. ಹೋಗಿ ನೋಡಿದ್ರೆ ಹಿಲರಿ ಬೋರ್ಡನ್ನ ತಂತಿ ಕಾಲಿಂದ ಕಳಚಿ, ಅದೇ ಕಾಲಿಗೆ ಒಬಾಮ-ಬೈಡನ್ ಬೋರ್ಡ್ ಸಿಗಿಸ್ತಿದ್ರು, ಮುಖ ಇನ್ನೂ ಗಂಟೇ ಹಾಕ್ಕೊಂಡಿದ್ರು. ಕಳಚಿದ್ದನ್ನ ಎಸೀಲಿಲ್ಲ, ಗ್ಯಾರೇಜ್ ಗೋಡೆಗೆ ಒರಗಿಸಿಟ್ರು. ಎಂಟು ವರ್ಷ ಆದ್ಮೇಲೆ ಅದೇ ಹಳೇ ಬೋರ್ಡು ಧೂಳು ಒರೆಸ್ಕೊಂಡು ಹೊರಗೆ ಬಂತು.