ಸ್ಲೀವ್ ಆದ್ಮೇಲೂ ತೂಕ ವಾಪಸ್ ಬಂತು, ಈಗ ಎರಡನೇ ಆಪರೇಷನ್ ಯಾವ್ದು?

ಮದುವೆ ಮನೇಲಿ, ಗೋಣಿಕೊಪ್ಪ ಸಂತೇಲಿ, ಮೆಡಿಕಲ್ ಶಾಪ್ ಮುಂದೆ, ಎಲ್ಲಿ ಸಿಕ್ಕಿದ್ರೂ ಒಂದೇ ಪ್ರಶ್ನೆ, "ಏನು ನೀವು ಹೊಟ್ಟೆ ಆಪರೇಷನ್ ಮಾಡ್ಸಿದ್ರಿ ಅಂದ್ರು, ಮತ್ತೆ ಮೊದ್ಲಿನ ಹಾಗೇ ಆಗ್ತಾ ಇದ್ದೀರಲ್ಲ?" ಒಬ್ಬೊಬ್ರಿಗೇ ಉತ್ತರ ಕೊಟ್ಟು ಸಾಕಾಯ್ತು, ಅದಕ್ಕೆ ಒಂದೇ ಸಲ ಇಲ್ಲೇ ಬರೀತೀನಿ. ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಹೌದು, ತೂಕ ಇಳಿಸೋಕೆ ಸ್ಲೀವ್ ಅನ್ನೋ ಹೊಟ್ಟೆ ಆಪರೇಷನ್ ಮಾಡ್ಸಿದ್ದೆ. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು, ಅಂದ್ರೆ ನೂರಕ್ಕೆ 75-80ರಷ್ಟು, ಕತ್ತರಿಸಿ ತೆಗ್ದು ಉಳಿದಿದ್ದನ್ನ ಬಾಳೆಕಾಯಿ ಆಕಾರಕ್ಕೆ ಸ್ಟೇಪಲ್ ಹೊಡೀತಾರೆ. ತೆಗೆದ ಭಾಗದಲ್ಲೇ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನು ಹೆಚ್ಚಾಗಿ ಉತ್ಪತ್ತಿ ಆಗೋದು, ಅದಕ್ಕೆ ಮೊದಮೊದ್ಲು ಹಸಿವೇ ಇರಲ್ಲ. ಒಂದೂವರೆ ವರ್ಷ ನಾನು ಊರಿಗೆಲ್ಲ ಮಾದರಿ ಆಗಿದ್ದೆ, ಶುಗರ್ ಮಾತ್ರೆ ನಿಲ್ತು, ಮಂಡಿನೋವು ಹೋಯ್ತು, ತೋಟದ ಮೇಲಿನ ಬ್ಲಾಕ್ ತನಕ ನಿಲ್ಲದೆ ಹತ್ತುತಿದ್ದೆ. ಆಮೇಲೆ ನಿಧಾನಕ್ಕೆ ತೂಕ ಏರೋಕೆ ಶುರುವಾಯ್ತು, ಇಳಿದಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ಅದಕ್ಕಿಂತ ಕೆಟ್ಟದ್ದು ಎದೆಯುರಿ. ರಾತ್ರಿ ಮಲಗಿದ್ರೆ ಹುಳಿ ನೀರು ಗಂಟಲಿಗೆ ಬಂದು ಕೆಮ್ಮಿ ಏಳ್ತೀನಿ, ದಿಂಬು ಮೂರು ಇಟ್ಕೊಂಡ್ರೂ ಅಷ್ಟೇ. ಕಾಚಂಪುಳಿ, ಅಂದ್ರೆ ನಮ್ಮ ಕಡೆ ಅಡುಗೆಗೆ ಹಾಕೋ ಕಪ್ಪು ಹುಳಿ, ಅದನ್ನ ಹಾಕಿದ ಯಾವ್ದನ್ನೂ ಸಂಜೆ ಆದ್ಮೇಲೆ ಮುಟ್ಟೋ ಹಾಗಿಲ್ಲ. ಕೊಡಗಲ್ಲಿದ್ಕೊಂಡು ಕಾಚಂಪುಳಿ ಬಿಡೋದು ಅಂದ್ರೆ ನಿಮಗೇ ಗೊತ್ತು.

ಇದಕ್ಕೆ ಜನ ಹೇಳೋ ಕಾರಣ ಒಂದೇ, "ಬಾಯಿಗೆ ಬೀಗ ಇಲ್ಲ". ಇದನ್ನ ಹೇಳೋರು ಪ್ಲೇಟಲ್ಲಿ ಮೂರನೇ ಸಲ ಪಂದಿಕರಿ ಹಾಕಿಸ್ಕೊಂಡೇ ಹೇಳ್ತಾರೆ ಅನ್ನೋದು ಬೇರೆ ಮಾತು. ನಿಜ ಏನಪ್ಪ ಅಂದ್ರೆ ಸ್ಲೀವ್ ಆದ ಹೊಟ್ಟೇಲಿ ಹಂದಿ ಮಾಂಸದ ಎರಡು ತುಂಡು, ಅರ್ಧ ಕಡಂಬುಟ್ಟು (ಅಕ್ಕಿ ಉಂಡೆ) ಹೋದ್ರೆ ಅಲ್ಲೇ ಕಲ್ಲಾಗಿ ಕೂರುತ್ತೆ, ಮೂರನೇ ತುತ್ತು ಇಳಿಯಲ್ಲ. ಆದ್ರೆ ಬೆಲ್ಲದ ಕಾಫಿ, ಮಿಕ್ಸ್ಚರ್, ಬಿಸ್ಕೆಟ್, ಐಸ್‌ಕ್ರೀಮು, ಇವೆಲ್ಲ ಜಾರಿಕೊಂಡು ಹೋಗ್ಬಿಡುತ್ತೆ, ಎಷ್ಟು ಹೋದ್ರೂ ಹೊಟ್ಟೆ ತುಂಬಿದ ಹಾಗೆ ಅನ್ಸಲ್ಲ. ಮಳೆಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗಿ, ಕರೆಂಟಿಲ್ಲದೆ ಒಲೆ ಮುಂದೆ ಕೂತಾಗ ಕೈಗೆ ಸಿಗೋದೂ ಅದೇ. ಇದ್ರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಎದೆಯುರಿ ನನ್ನ ಬಾಯಿಂದ ಬಂದಿದ್ದಲ್ಲ, ಅದು ಆಪರೇಷನ್ನಿಂದ ಬಂದಿದ್ದು. ಅಗಲವಾಗಿದ್ದ ಚೀಲ ಸಣ್ಣ ಕೊಳವೆ ಆದಾಗ ಒಳಗೆ ಪ್ರೆಶರ್ ಜಾಸ್ತಿ ಆಗುತ್ತೆ, ಆಸಿಡ್ ಮೇಲೆ ಬರದ ಹಾಗೆ ತಡೆಯೋ ಮೂಲೆಯೂ ಕತ್ತರಿಸುವಾಗ ಹಾಳಾಗ್ಬಹುದು. ಸ್ಲೀವ್ ಆದೋರಲ್ಲಿ ಇದು ಅಪರೂಪ ಅಲ್ವೇ ಅಲ್ಲ.

ಇನ್ನೊಂದು ವಿಷಯ ನನಗೆ ಯಾರೂ ಮೊದ್ಲು ಹೇಳಿರ್ಲಿಲ್ಲ, ಆಮೇಲೆ ಓದಿ ತಿಳ್ಕೊಂಡಿದ್ದು. ಸ್ಲೀವ್ ಹುಟ್ಟಿದ್ದೇ ಒಂಟಿ ಆಪರೇಷನ್ ಆಗಿ ಅಲ್ಲ. ಡ್ಯೂಡಿನಲ್ ಸ್ವಿಚ್ ಅಂತ ಒಂದು ದೊಡ್ಡ ಆಪರೇಷನ್ ಇದೆ, ಹೊಟ್ಟೆ ಸಣ್ಣ ಮಾಡೋದರ ಜೊತೆ ಊಟ ಸಣ್ಣ ಕರುಳಿನ ಬಹುಪಾಲನ್ನ ಬಿಟ್ಟು ಹೋಗೋ ಹಾಗೆ ಮಾಡೋದು, 1988ರಲ್ಲಿ ಅಮೆರಿಕದಲ್ಲಿ ಹೆಸ್ ಅನ್ನೋ ಸರ್ಜನ್ ಶುರುಮಾಡಿದ್ದು, ಅದರ ಒಂದು ಭಾಗ ಈ ಸ್ಲೀವು. 2000ದ ಆಸುಪಾಸಿನಲ್ಲಿ ನ್ಯೂಯಾರ್ಕಲ್ಲಿ ಮಿಷೆಲ್ ಗಾನ್ಯೆ ತಂಡದವರು ತುಂಬಾ ತೂಕ ಇರೋರಿಗೆ ಒಂದೇ ಸಲಕ್ಕೆ ಅಷ್ಟು ದೊಡ್ಡದು ಮಾಡೋದು ಅಪಾಯ ಅಂತ ಎರಡು ಕಂತು ಮಾಡಿದ್ರು, ಮೊದ್ಲು ಸ್ಲೀವ್, ತೂಕ ಇಳಿದ ಮೇಲೆ ಕರುಳಿನ ಕೆಲಸ. ಮೊದಲ ಕಂತಲ್ಲೇ ಸುಮಾರು ಜನ ಚೆನ್ನಾಗಿ ಇಳಿದ್ರು, ಆಮೇಲೆ ಅದೇ ಪೂರ್ತಿ ಆಪರೇಷನ್ ಅಂತ ಆಗೋಯ್ತು. ಇದನ್ನ ಮೊದ್ಲೇ ಹೇಳಿದ್ರೆ ಎರಡನೇ ಸಲ ಆಸ್ಪತ್ರೆ ಮೆಟ್ಟಿಲು ಹತ್ತುವಾಗ ಯಾರೂ ಮುಖ ಮುಚ್ಕೊಂಡು ಹೋಗ್ಬೇಕಾಗಿರ್ಲಿಲ್ಲ.

ಸರಿ, ಈಗ ರಿವಿಷನ್, ಅಂದ್ರೆ ಮೊದಲನೇದನ್ನ ಬದಲಾಯಿಸೋ ಎರಡನೇ ಆಪರೇಷನ್ ವಿಷಯಕ್ಕೆ ಬರ್ತೀನಿ. ನಾನು ಕೇಳಿದ ಕಡೆಯೆಲ್ಲ, ಫೋನಲ್ಲೂ ನೇರವಾಗೂ, ಮೊದಲ ಮಾತೇ "ಇದು ಮಾಡ್ಸಿ, ಇಷ್ಟು ಕೆಜಿ ಇಳಿಯುತ್ತೆ" ಅಂತ. ಒಂದು ಕಡೆಯಂತೂ ನನ್ನ ಹೊಟ್ಟೆ ಒಳಗೆ ಕ್ಯಾಮೆರಾ ಹಾಕೋ ಮೊದ್ಲೇ ಪ್ಯಾಕೇಜು ರೇಟು ವಾಟ್ಸಾಪಿಗೆ ಬಂತು. ನನ್ನ ಮಾತು ಇಷ್ಟೇ: ಮೊದಲನೇದು ಯಾಕೆ ಕೈಕೊಡ್ತು ಅಂತ ಗೊತ್ತಾಗದೆ ಎರಡನೇದು ಯಾವ್ದು ಅಂತ ಹೇಳೋ ಡಾಕ್ಟರ ಹತ್ರ ಆಪರೇಷನ್ ಮಾಡಿಸ್ಕೋಬೇಡಿ. ಆಮೇಲೆ, ಎಷ್ಟು ಕೆಜಿ ಇಳಿಯುತ್ತೆ ಅನ್ನೋದಕ್ಕಿಂತ ನೀವಿರೋ ಜಾಗದಲ್ಲಿ ಆ ಆಪರೇಷನ್ ಜೊತೆ ಬದುಕೋಕೆ ಆಗುತ್ತಾ ಅಂತ ನೋಡಿ.

ಯಾಕೆ ಅಂತ ಹುಡುಕೋದು ಏನೂ ಬ್ರಹ್ಮವಿದ್ಯೆ ಅಲ್ಲ. ಎಂಡೋಸ್ಕೋಪಿ ಮಾಡಿ ಅನ್ನನಾಳ ಎಷ್ಟು ಸುಟ್ಟಿದೆ ನೋಡ್ತಾರೆ, ಎ ಇಂದ ಡಿ ತನಕ ಗ್ರೇಡ್ ಕೊಡ್ತಾರೆ (ಡಿ ಅಂದ್ರೆ ತುಂಬಾ ಜೋರು), ಹಯಾಟಸ್ ಹರ್ನಿಯಾ, ಅಂದ್ರೆ ಹೊಟ್ಟೆಯ ಮೇಲ್ಭಾಗ ಎದೆಗೂಡಿನೊಳಗೆ ಜಾರಿರೋದು, ಇದೆಯಾ ನೋಡ್ತಾರೆ. ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೀತಾರೆ, ಅದ್ರಲ್ಲಿ ಸ್ಲೀವ್ ಎಲ್ಲಾದ್ರೂ ತಿರುಚಿದೆಯಾ, ಮಧ್ಯ ಕಟ್ಟಿಕೊಂಡಿದೆಯಾ, ಮೇಲ್ಭಾಗ ಉಬ್ಬಿದೆಯಾ ಕಾಣುತ್ತೆ. ಜೊತೆಗೆ ಥೈರಾಯ್ಡು, ಶುಗರು, ಬಿ12, ಐರನ್ನು, ವಿಟಮಿನ್ ಡಿ. ಡಯಟೀಷಿಯನ್ ಹತ್ರ ಸುಳ್ಳು ಹೇಳದೆ ಊಟದ ಲೆಕ್ಕ. ಇದ್ರ ಜೊತೆ ಹಳೇ ಆಪರೇಷನ್ ನೋಟು ಬೇಕು, ಎಷ್ಟು ದಪ್ಪದ ಟ್ಯೂಬಿಟ್ಟು ಅಳತೆ ತಗೊಂಡ್ರು, ಎಲ್ಲಿಂದ ಸ್ಟೇಪಲ್ ಹೊಡೆದ್ರು ಅಂತ. ನನ್ನ ಮೊದಲ ಆಸ್ಪತ್ರೆಯೋರು (ಹೆಸರು ಬೇಡ ಬಿಡಿ) ಡಿಸ್ಚಾರ್ಜ್ ಸಮ್ಮರಿ ಒಂದು ಹಾಳೆ ಕೊಟ್ಟು ಕಳಿಸಿದ್ರು, ಈಗ ಕೇಳಿದ್ರೆ ಹಳೇ ರೆಕಾರ್ಡ್ ರೂಮು, ಬೇರೆ ಕಟ್ಟಡ, ಸಾರ್ ರಜೆ. ದಯವಿಟ್ಟು, ಯಾವ ಆಪರೇಷನ್ ಆದ್ರೂ ಸರಿ, ಡಿಸ್ಚಾರ್ಜ್ ದಿನಾನೇ ಪೂರ್ತಿ ನೋಟ್ ಕೇಳಿ ಇಸ್ಕೊಳ್ಳಿ.

ನನ್ನ ರಿಪೋರ್ಟಲ್ಲಿ ಬಂದಿದ್ದು ಗ್ರೇಡ್ ಬಿ, ಜೊತೆಗೆ ಚಿಕ್ಕದೊಂದು ಹಯಾಟಸ್ ಹರ್ನಿಯಾ. ಸ್ಲೀವ್ ಅಂಥಾ ಏನೂ ಹಿಗ್ಗಿರ್ಲಿಲ್ಲ. ಅಲ್ಲಿಗೇ "ಮತ್ತೊಂದ್ಸಲ ಸ್ಲೀವ್ ಸಣ್ಣ ಮಾಡೋಣ" ಅನ್ನೋದು ಹೋಯ್ತು, ಇರೋ ಪ್ರೆಶರನ್ನ ಇನ್ನೂ ಏರಿಸಿದ ಹಾಗೆ ಅದು.

ಉಳಿದಿದ್ದು ಮೂರು. ಸಾಡಿ ಅಂತ ಒಂದಿದೆ, 2007ರಲ್ಲಿ ಮ್ಯಾಡ್ರಿಡ್‌ನಲ್ಲಿ ಮೊದಲ ಸಲ ಮಾಡಿದ್ದು, ಡ್ಯೂಡಿನಲ್ ಸ್ವಿಚ್ಚಿನ ಸರಳ ರೂಪ. ತೂಕ ಇಳಿಸೋದ್ರಲ್ಲಿ ಜೋರು. ಆದ್ರೆ ಸ್ಲೀವ್ ಹಾಗೇ ಇರುತ್ತೆ, ಅಂದ್ಮೇಲೆ ನನ್ನ ಎದೆಯುರಿನೂ ಹಾಗೇ ಇರೋ ಸಾಧ್ಯತೆ ಜಾಸ್ತಿ, ಮೇಲಿಂದ ಕೊಬ್ಬಲ್ಲಿ ಕರಗೋ ವಿಟಮಿನ್ನುಗಳಾದ ಎ, ಡಿ, ಇ, ಕೆ ಕಮ್ಮಿ ಆಗೋ ಭಯ, ಪ್ರೋಟೀನ್ ಕಮ್ಮಿ ಆಗೋ ಭಯ, ಲೂಸ್ ಮೋಷನ್. ಎರಡನೇದು ಮಿನಿ ಬೈಪಾಸ್ (ಬೈಪಾಸ್ ಅಂದ್ರೆ ಹೊಟ್ಟೆಯ ಮೇಲ್ಭಾಗವನ್ನ ಬೇರೆ ಮಾಡಿ ನೇರ ಕರುಳಿಗೆ ಜೋಡಿಸೋದು), ರಟ್ಲೆಡ್ಜ್ ಅನ್ನೋ ಅಮೆರಿಕನ್ ಸರ್ಜನ್ 1997ರಲ್ಲಿ ಶುರುಮಾಡಿದ್ದು, ನಮ್ಮ ದೇಶದಲ್ಲಿ ತುಂಬಾ ಮಾಡ್ತಾರೆ. ಒಂದೇ ಜೋಡಣೆ, ಟೈಮ್ ಕಮ್ಮಿ. ಅದ್ರಲ್ಲಿ ಪಿತ್ತರಸ ಹೊಸ ಹೊಟ್ಟೆಯ ಬಾಯಿ ಹತ್ರಾನೇ ಹಾದು ಹೋಗುತ್ತೆ, ಕೆಲವ್ರಿಗೆ ಅದೇ ಮೇಲೆ ಬರುತ್ತೆ. ಆಲ್ರೆಡಿ ಸುಟ್ಟಿರೋ ಅನ್ನನಾಳ ಇಟ್ಕೊಂಡು ನನಗೆ ಆ ರಿಸ್ಕ್ ಬೇಡ ಅನ್ಸ್ತು. ಮೂರನೇದು ಹಳೇ ಕ್ಲಾಸಿಕ್ಕು, ರೂ-ಎನ್-ವೈ ಬೈಪಾಸ್. ಬೈಪಾಸನ್ನ 1966ರಲ್ಲಿ ಎಡ್ವರ್ಡ್ ಮೇಸನ್ ಶುರುಮಾಡಿದ್ದು, ವೈ ಆಕಾರದ ಜೋಡಣೆ ಆಮೇಲೆ ಬಂತು. ಮೇಲೊಂದು ಪುಟ್ಟ ಚೀಲ, ಸುಮಾರು 30 ಎಂಎಲ್, ಅದ್ರಲ್ಲಿ ಆಸಿಡ್ ತಯಾರಾಗೋದೇ ಕಮ್ಮಿ, ಪಿತ್ತರಸ ಎಷ್ಟೋ ಕೆಳಗೆ ಬಂದು ಸೇರುತ್ತೆ. ರಿಫ್ಲಕ್ಸ್, ಅಂದ್ರೆ ಹೀಗೆ ಆಸಿಡ್ ಮೇಲೆ ಬರೋ ತೊಂದ್ರೆ, ಇರೋ ಸ್ಲೀವ್ ಪೇಷಂಟಿಗೆ ಹೆಚ್ಚಿನ ಸರ್ಜನ್ನುಗಳು ಹೇಳೋದು ಇದನ್ನೇ.

ನಾನು ಅದನ್ನೇ ಆರಿಸ್ಕೊಂಡಿದ್ದೀನಿ. ಆದ್ರೆ ಇದ್ರಲ್ಲಿ ಯಾರೂ ದೊಡ್ಡ ಅಕ್ಷರದಲ್ಲಿ ಹಾಕದ ವಿಷಯ ಒಂದಿದೆ, ಸ್ಲೀವಿಂದ ಈ ಬೈಪಾಸಿಗೆ ಬದಲಾಯಿಸಿದಾಗ ಎದೆಯುರಿ ಚೆನ್ನಾಗಿ ಕಮ್ಮಿ ಆಗುತ್ತೆ, ತೂಕ ಮಾತ್ರ ಮೊದಲ ಆಪರೇಷನ್ನಿನ ಹಾಗೆ ಸರಸರ ಇಳಿಯಲ್ಲ. ಮೊದಲ ಸಲಕ್ಕಿಂತ ಹೊಲಿಗೆ, ಸ್ಟೇಪಲ್ ಜಾಗದಲ್ಲಿ ಲೀಕ್ ಆಗೋ ರಿಸ್ಕು, ರಕ್ತಸ್ರಾವದ ರಿಸ್ಕೂ ಜಾಸ್ತಿ, ಯಾಕಂದ್ರೆ ಒಳಗೆಲ್ಲ ಅಂಟಿಕೊಂಡಿರುತ್ತೆ. ನಮ್ಮನೆಯೋರು ಕೇಳಿದ್ರು, "ತೂಕ ಇಳಿಯಲ್ಲ ಅಂದ್ಮೇಲೆ ಯಾಕೆ?" ಅಂತ. ರಾತ್ರಿ ನಿದ್ದೆ ಮಾಡೋಕೆ. ಅನ್ನನಾಳ ವರ್ಷಗಟ್ಟಲೆ ಸುಡ್ತಾ ಇದ್ರೆ ಅದರ ಒಳಪದರಾನೇ ಬದಲಾಗಿ, ಅದಕ್ಕೆ ಬ್ಯಾರೆಟ್ಸ್ ಅಂತಾರೆ, ಕ್ಯಾನ್ಸರಿನ ದಾರಿಗೂ ಹೋಗ್ಬಹುದು. ಇದು ಸಾಕಾಗಲ್ವಾ ಕಾರಣ?

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆನೂ ಎಲ್ರೂ ಕೇಳ್ತಾರೆ. ಮೌಂಜಾರೋ 2025ರ ಮಾರ್ಚಲ್ಲಿ ನಮ್ಮ ದೇಶಕ್ಕೆ ಬಂತು, ವೆಗೋವಿ ಜೂನಲ್ಲಿ. ಬರೀ ತೂಕ ವಾಪಸ್ ಬಂದಿದೆ, ಬೇರೆ ತೊಂದ್ರೆ ಇಲ್ಲ ಅನ್ನೋರು ಇನ್ನೊಂದು ಆಪರೇಷನ್ನಿಗಿಂತ ಮೊದ್ಲು ಇದ್ರ ಬಗ್ಗೆ ಡಾಕ್ಟರ ಹತ್ರ ಮಾತಾಡ್ಲೇಬೇಕು ಅಂತ ನನ್ನ ಅಭಿಪ್ರಾಯ, ಚಾಕು ಯಾವಾಗ್ಲೂ ಆಮೇಲೆ. ನನಗೆ ಅದು ಒಗ್ಗಲಿಲ್ಲ ಯಾಕಂದ್ರೆ ಆ ಔಷಧಿ ಹೊಟ್ಟೆ ಖಾಲಿ ಆಗೋದನ್ನೇ ನಿಧಾನ ಮಾಡುತ್ತೆ, ಎದೆಯುರಿ ಇನ್ನೂ ಜೋರಾಯ್ತು, ವಾಂತಿ ಬೇರೆ. ನಮ್ಮ ಕಡೆ ಅದನ್ನ ಫ್ರಿಜ್ಜಲ್ಲಿ ಇಡೋದೂ ಒಂದು ತಲೆನೋವು, ಜುಲೈಲಿ ಮರ ಬಿದ್ದು ಲೈನ್ ಕಟ್ಟಾದ್ರೆ ಯಾವಾಗ ಕರೆಂಟ್ ಬರುತ್ತೆ ಅಂತ ಲೈನ್‌ಮ್ಯಾನಿಗೂ ಗೊತ್ತಿರಲ್ಲ.

ಇನ್ಶೂರೆನ್ಸ್ ಬೇರೆ ಕಥೆ, ಜಾಸ್ತಿ ಬರ್ಯಲ್ಲ. ತೂಕದ ಆಪರೇಷನ್ನಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 40 ಇರ್ಬೇಕು, ಇಲ್ಲಾ 35ರ ಜೊತೆ ಗಂಭೀರ ಕಾಯಿಲೆ ಇರ್ಬೇಕು ಅಂತ ನಿಯಮ. ರಿವಿಷನ್ ಹೊತ್ತಿಗೆ ಎಷ್ಟೋ ಜನ ಅದಕ್ಕಿಂತ ಕೆಳಗಿರ್ತಾರೆ. ರಿಫ್ಲಕ್ಸಿಗೆ ಅಂತ ಮಾಡೋದಾದ್ರೆ ಎಂಡೋಸ್ಕೋಪಿ ರಿಪೋರ್ಟ್ ಸಮೇತ ಹಾಗಂತಾನೇ ಸ್ಪಷ್ಟವಾಗಿ ಬರೆಸಿ, ಮೊದ್ಲೇ ಅಪ್ರೂವಲ್ ಕೇಳಿ.

ಈಗ ನಮ್ಮ ಊರಿನ ಮಾತು. ಕೊಡಗಿಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರು, ಮಂಗಳೂರು ಕಡೆ ಹೋಗೋಣ ಅಂದ್ರೆ ಸಂಪಾಜೆ ಘಾಟು, 2018ರಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದು ಎಲ್ರಿಗೂ ನೆನಪಿದೆ. 2019ರಲ್ಲಿ ಕೊಡಗಿಗೊಂದು ಎಮರ್ಜೆನ್ಸಿ ಆಸ್ಪತ್ರೆ ಕೊಡಿ ಅಂತ ಟ್ವಿಟರಲ್ಲಿ ನಾವೆಲ್ಲ ಕೂಗಿದ್ವಲ್ಲ, ಅದು ಸುಮ್ನೆ ಕೂಗಿದ್ದಲ್ಲ. ಬೈಪಾಸ್ ಆದೋರಿಗೆ ವರ್ಷಗಳು ಕಳೆದ ಮೇಲೂ ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಹಾಕ್ಕೊಳ್ಳೋ ಚಾನ್ಸ್ ಇರುತ್ತೆ, ಇಂಟರ್ನಲ್ ಹರ್ನಿಯಾ ಅಂತಾರೆ. ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು, ಗ್ಯಾಸ್ ಅಂದ್ಕೊಂಡು ಜೀರಿಗೆ ಕಷಾಯ ಕುಡ್ಕೊಂಡು ಕೂತ್ರೆ ಕರುಳು ಕೊಳೆಯುತ್ತೆ. ಅದಕ್ಕೆ ನಾನು ಸರ್ಜನ್ನಿಗೆ ಕೇಳಿದ ಮೊದಲ ಪ್ರಶ್ನೆ ಎಷ್ಟು ಕೆಜಿ ಅಂತ ಅಲ್ಲ, "ಆ ಸಂದಿಗಳನ್ನ ಹೊಲಿಗೆ ಹಾಕಿ ಮುಚ್ತೀರಾ?" ಅಂತ. ಮುಚ್ತೀನಿ ಅಂದ್ರು, ಯಾಕೆ ಅಂತಾನೂ ಚಿತ್ರ ಬರೆದು ತೋರಿಸಿದ್ರು. ಅಲ್ಲಿಗೆ ಡಾಕ್ಟರು ಫಿಕ್ಸ್ ಆದ್ರು. ಸಾಡಿ ಬೇಡ ಅಂದಿದ್ದಕ್ಕೂ ಅರ್ಧ ಕಾರಣ ಇದೇ, ಅಷ್ಟೆಲ್ಲ ವಿಟಮಿನ್ ಟೆಸ್ಟು ಪದೇಪದೇ ಮಾಡಿಸೋಕೆ ಬೆಟ್ಟ ಇಳಿದು ಹೋಗ್ತಾ ಇರೋಕೆ ನನ್ನ ಕೈಲಾಗಲ್ಲ. ಬೈಪಾಸಿಗೆ ಬೇಕಾದ ಬಿ12 ಇಂಜೆಕ್ಷನ್, ಐರನ್, ಕ್ಯಾಲ್ಸಿಯಂ ಸಿಟ್ರೇಟ್ ಆದ್ರೆ ಇಲ್ಲೇ ಸಿಗುತ್ತೆ, ಬ್ಲಡ್ ಟೆಸ್ಟೂ ಇಲ್ಲೇ ಕೊಡ್ಬಹುದು.

ಇನ್ನು ಬಿಡಬೇಕಾಗಿರೋದು. ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಟ್ಟೋ ಹಾಗಿಲ್ಲ, ಜೋಡಣೆ ಜಾಗದಲ್ಲಿ ಹುಣ್ಣಾಗುತ್ತೆ. ತೋಟದ ಕೆಲಸ ಮಾಡೋರ ಮನೇಲಿ ಆ ಮಾತ್ರೆ ಇರದ ಡಬ್ಬಿನೇ ಇಲ್ಲ, ನಮ್ಮನೆ ಡಬ್ಬಿ ಆಗ್ಲೇ ಖಾಲಿ ಮಾಡಿದ್ದೀನಿ. ಬೀಡಿ ಸಿಗರೇಟು ನನಗಿಲ್ಲ. ಕುಡಿಯೋದು... ಇಲ್ಲಿ ಕೈಲ್‌ಪೊಳ್ದ್, ಪುತ್ತರಿ, ಮದುವೆ, ತಿಥಿ, ಗ್ಲಾಸಿಲ್ಲದ ಸಮಾರಂಭ ಯಾವ್ದಿದೆ? ಬೈಪಾಸ್ ಆದ್ಮೇಲೆ ಮದ್ಯ ರಕ್ತಕ್ಕೆ ಬೇಗ ಏರುತ್ತೆ, ಚಟ ಹತ್ತೋ ಅಪಾಯಾನೂ ಜಾಸ್ತಿ. ನಾನು ಮನೇಲಿ ಮಾಡಿದ ವೈನು ಒಂದು ಗ್ಲಾಸ್ ಕುಡಿಯೋಳು, ಅದನ್ನ ಬಿಡ್ತೀನಿ. ಆದ್ರೆ ಗಂಡಸ್ರು ಯಾರಾದ್ರೂ ಈ ಆಪರೇಷನ್ ಯೋಚಿಸ್ತಾ ಇದ್ರೆ ಡಾಕ್ಟರ ಮುಂದೆ "ಅಪರೂಪಕ್ಕೆ ಸಾರ್" ಅನ್ಬೇಡಿ. ಹೆಂಡತಿನ ಜೊತೆಗೆ ಕರ್ಕೊಂಡು ಹೋಗಿ, ಅವ್ರು ಹೇಳ್ತಾರೆ.

ಆಪರೇಷನ್ ಯಾವಾಗ ಅಂತಾನೂ ಲೆಕ್ಕ ಹಾಕಿ ಇಟ್ಕೊಂಡಿದ್ದೀನಿ. ಕಾಫಿ ಕೊಯ್ಲು ಮುಗೀಬೇಕು, ಮಳೆ ಶುರುವಾಗ್ಬಾರ್ದು. ಲೀಕ್ ಗೀಕ್ ಆಗೋ ಭಯ ಇರೋದು ಮೊದಲ ಕೆಲವು ವಾರ, ಆ ಟೈಮಲ್ಲಿ ರಸ್ತೆ ಒಣಗಿರ್ಲಿ. ಆ ವಾರಗಳು ಮೈಸೂರಲ್ಲಿ ತಂಗಿ ಮನೇಲೇ ಇರ್ತೀನಿ, ಊರಿಗೆ ಬರಲ್ಲ, ನೋಡೋಕೆ ಬರೋರು ದಯವಿಟ್ಟು ಹಣ್ಣು ಬಿಸ್ಕೆಟ್ ತರ್ಬೇಡಿ.

ಸರ್ಜನ್ ಹತ್ರ ಇನ್ನೊಂದು ಕೆಲಸ ಮಾಡಿಸ್ಕೊಂಡೆ. ಒಂದು ಪುಟದ ಕಾಗದ, ಯಾವ ಕ್ಯಾಶುವಾಲ್ಟಿಗೆ ಹೋದ್ರೂ ಡ್ಯೂಟಿ ಡಾಕ್ಟರಿಗೆ ತೋರ್ಸೋಕೆ: ಈ ಪೇಷಂಟಿಗೆ ಬೈಪಾಸ್ ಆಗಿದೆ, ಜೋರು ಹೊಟ್ಟೆನೋವಿದ್ರೆ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸ್ಬೇಡಿ, ಸಿಟಿ ಸ್ಕ್ಯಾನ್ ಮಾಡಿ, ಮೂಗಿಂದ ಟ್ಯೂಬ್ ಕುರುಡಾಗಿ ಹಾಕ್ಬೇಡಿ, ಡೈಕ್ಲೋ ಬೇಡ, ವಾಂತಿ ನಿಲ್ತಾ ಇಲ್ಲ ಅಂದ್ರೆ ಗ್ಲೂಕೋಸ್ ಏರಿಸೋ ಮೊದ್ಲು ಥಯಮಿನ್ (ವಿಟಮಿನ್ ಬಿ1) ಕೊಡಿ, ಈ ನಂಬರಿಗೆ ಫೋನ್ ಮಾಡಿ. ಆಪರೇಷನ್ನೇ ಆಗಿಲ್ಲ, ಈಗ್ಲೇ ಯಾಕಮ್ಮ ಅಂತ ನಕ್ರು, ಆಮೇಲೆ ಬರ್ಕೊಟ್ರು. ಆಪರೇಷನ್ ಆದ್ಮೇಲೆ ತಾರೀಖು ಹಾಕಿ ಸೀಲ್ ಒತ್ತಿ ಕೊಡ್ತಾರಂತೆ. ಮೂರು ಕಾಪಿ ಮಾಡಿಸ್ತೀನಿ, ಒಂದು ಜೀಪಲ್ಲಿ, ಒಂದು ನಮ್ಮನೆಯೋರ ಪರ್ಸಲ್ಲಿ, ಒಂದು ಪಕ್ಕದ ಮನೆಯೋರ ಹತ್ರ.