ಸತ್ಯಾಂಶ: ಗ್ರೀನ್ ಕಾರ್ಡ್ ಇದ್ದರೆ ಟೆಕ್ಸಾಸ್‌ನಲ್ಲಿ ಜಡ್ಜ್ ಆಗಬಹುದೇ?

‘ಟೆಕ್ಸಾಸ್‌ನಲ್ಲಿ ಗ್ರೀನ್ ಕಾರ್ಡ್ ಇದ್ದರೆ ಸಾಕು, ಲಾ ಓದದಿದ್ದರೂ ಎಲೆಕ್ಷನ್ ಗೆದ್ದು ಜಡ್ಜ್ ಆಗಬಹುದು, ಕಳ್ಳರಿಗೆ ಜೈಲು ಶಿಕ್ಷೆ ಕೊಡಬಹುದು’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ತಮಾಷೆಯೆಂದರೆ, ನಂಬಲು ಕಷ್ಟವಾದ ಮಾತೇ ಇದರಲ್ಲಿ ನಿಜ.

ಆ ಹುದ್ದೆ ‘ಜಸ್ಟಿಸ್ ಆಫ್ ದಿ ಪೀಸ್’, ಅಂದರೆ ಸಣ್ಣಪುಟ್ಟ ಕೇಸು ನೋಡುವ ಸ್ಥಳೀಯ ಜಡ್ಜ್. ನಾಲ್ಕು ವರ್ಷದ ಅವಧಿ. ಸಾಮಾನ್ಯವಾಗಿ ಪಕ್ಷದ ಟಿಕೆಟ್ ಮೇಲೆಯೇ ಸ್ಪರ್ಧೆ. ಕಾನೂನು ಪದವಿ ಬೇಕಿಲ್ಲ. ಹೊಸದಾಗಿ ಗೆದ್ದವರು ಮೊದಲ ವರ್ಷದೊಳಗೆ 80 ಗಂಟೆ ತರಬೇತಿ ಮುಗಿಸಬೇಕು, ಆಮೇಲೆ ವರ್ಷಕ್ಕೆ 20 ಗಂಟೆ.

ಗ್ರೀನ್ ಕಾರ್ಡ್ ಮಾತು ಮಾತ್ರ ಶುದ್ಧ ಸುಳ್ಳು. ಅಭ್ಯರ್ಥಿ ಅಮೆರಿಕದ ಪ್ರಜೆಯಾಗಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ರಾಜ್ಯದಲ್ಲಿ 12 ತಿಂಗಳು, ಆ ಕ್ಷೇತ್ರದಲ್ಲಿ 6 ತಿಂಗಳು ವಾಸವಿರಬೇಕು. ಡಲ್ಲಾಸ್, ಆಸ್ಟಿನ್ ಕಡೆಯ ನಮ್ಮ ಕನ್ನಡಿಗರು ನಾಮಪತ್ರದ ಕನಸು ಕಾಣುವ ಮೊದಲು ಪೌರತ್ವದ ಪ್ರಮಾಣವಚನ ಮುಗಿಸಲಿ.

ಜೈಲು ಶಿಕ್ಷೆ? ಅದೂ ಇಲ್ಲ. ಇವರ ಮುಂದೆ ತೀರ್ಮಾನವಾಗುವುದು ಓವರ್‌ಸ್ಪೀಡಿನಂಥ, ದಂಡದಲ್ಲೇ ಮುಗಿಯುವ ಅಪರಾಧಗಳು. ಜೊತೆಗೆ 20,000 ಡಾಲರ್‌ವರೆಗಿನ ಹಣದ ವ್ಯಾಜ್ಯ, ಬಾಡಿಗೆದಾರರನ್ನು ಮನೆ ಬಿಡಿಸುವ ಕೇಸು. ಮದುವೆಯನ್ನೂ ಮಾಡಿಸುತ್ತಾರೆ.

ಸಂದೇಶ ಬರೆದವರಿಗೆ ಗೊತ್ತಿಲ್ಲದ ಇನ್ನೊಂದು ಕೆಲಸವಿದೆ. ಮೆಡಿಕಲ್ ಎಗ್ಸಾಮಿನರ್ (ಸಾವಿನ ಕಾರಣ ಪತ್ತೆಹಚ್ಚುವ ಸರ್ಕಾರಿ ವೈದ್ಯರು) ಇಲ್ಲದ ಹಳ್ಳಿಗಾಡಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಅಸಹಜ ಸಾವಿನ ವಿಚಾರಣೆಯೂ ಇವರದೇ. ನಡುರಾತ್ರಿ ಹೆದ್ದಾರಿಯಲ್ಲಿ ಅಪಘಾತವಾಗಿ ಯಾರಾದರೂ ಸತ್ತರೆ ಫೋನ್ ಬರುವುದು ಇವರಿಗೆ; ಶವಪರೀಕ್ಷೆ ಬೇಕೋ ಬೇಡವೋ ಎಂದು ನಿರ್ಧರಿಸುವವರೂ ಇವರೇ.